ಬೈಲಹೊಂಗಲದ ಹತ್ತಿ ತಕ್ಕಡಿಗೆ ಹೊಸ ಅಲಗು

ಬೈಲಹೊಂಗಲದ ಹಳೆಯ ಅಡತಿ ಅಂಗಡಿಯೊಂದರ ಗೋದಾಮಿನಿಂದ ಗುಜರಿಗೆ ಹೊರಟಿದ್ದ ಪ್ಲಾಟ್‌ಫಾರ್ಮ್ ತಕ್ಕಡಿಯನ್ನು ಕಬ್ಬಿಣದ ದರಕ್ಕೇ ಕೊಂಡು ಬೆಳಗಾವಿಗೆ ತಂದೆ. ಬೀಡು ಕಬ್ಬಿಣದ ಚೌಕಟ್ಟು, ನೆಲದಿಂದ ಗೇಣೆತ್ತರದಲ್ಲಿ ಹೊರೆ ಇಡುವ ಹಲಗೆ, ಅದರ ಹಿಂದೆ ಎದೆಮಟ್ಟದ ಕಂಬ, ಕಂಬದ ತಲೆಯ ಮೇಲೆ ಹಿತ್ತಾಳೆಯ ದಂಡ. ಕಂಬದ ಮೇಲೆ ಎರಕದ ಉಬ್ಬಕ್ಷರಗಳಲ್ಲಿ ಏವರಿ, ಬರ್ಮಿಂಗ್‌ಹ್ಯಾಮ್ ಎಂದಿದೆ. ಕೆಳಗೆ ತೂಕದ ಮಿತಿ: 5 ಹಂಡ್ರೆಡ್‌ವೇಟ್.

ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್, ಐದಕ್ಕೆ 560 ಪೌಂಡ್. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಯಂತ್ರದ ಈ ಮಿತಿ ನಮ್ಮ ಕಡೆಯ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಮುಂಬಯಿಯ ಮಣ 28 ಪೌಂಡು. 20 ಮಣಕ್ಕೆ ಒಂದು ಖಂಡಿ. ಅಂದರೆ ಖಂಡಿಗೆ ಸರಿಯಾಗಿ 560 ಪೌಂಡ್, ಈ ತಕ್ಕಡಿಯ ತುಂಬು ಹೊರೆ. ಹತ್ತಿಯ ಖಂಡಿ ಮಾತ್ರ ಬೇರೆ, 28 ಮಣದ್ದು: 784 ಪೌಂಡ್. ಆದ್ದರಿಂದ ಹತ್ತಿಯನ್ನು ಖಂಡಿಗಟ್ಟಲೆ ಒಮ್ಮೆಗೇ ತೂಗಲು ಇದಕ್ಕೆ ಆಗುತ್ತಿರಲಿಲ್ಲ, ಅಂಡಿಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ ಲೆಕ್ಕದಲ್ಲೇ ತೂಗಬೇಕಿತ್ತು. ಆ 784 ಪೌಂಡಿನ ಖಂಡಿ ಇನ್ನೂ ಸತ್ತಿಲ್ಲ. ಅರಳೆಯ ಸಗಟು ದರವನ್ನು ಇಂದಿಗೂ ಖಂಡಿಗೆ ಇಷ್ಟು ಎಂದು ಹೇಳುತ್ತಾರೆ. ಆ ಖಂಡಿ 355.6 ಕಿಲೋ, ಅದೇ ಹಳೆಯ 784 ಪೌಂಡು.

ತಂದಾಗ ತಕ್ಕಡಿಯ ಸ್ಥಿತಿ ಹೀಗಿತ್ತು. ಚೌಕಟ್ಟಿಗೆ ದಪ್ಪ ತುಕ್ಕು, ಅದರ ಮೇಲೆ ಹಲವು ಪದರ ಹಸಿರು ಬಣ್ಣ. ದಂಡದ ತುದಿಗೆ ನೇತುಹಾಕುವ ಬಿಲ್ಲೆಗಳ ಪೈಕಿ 100 ಕಿಲೋ ಎಂದು ಬರೆದ ಒಂದೇ ಉಳಿದಿತ್ತು (ಅದು ಹಲಗೆಯ ಮೇಲಿನ ಹೊರೆಯ ಲೆಕ್ಕ, ಬಿಲ್ಲೆಯದೇ ತೂಕವಲ್ಲ). 50 ಕಿಲೋದ ಎರಡು ಕಳೆದುಹೋಗಿದ್ದವು. ಹಲಗೆಯ ಮೇಲೆ 400 ಗ್ರಾಂ ಇಟ್ಟರೂ ದಂಡ ಅಲುಗುತ್ತಿರಲಿಲ್ಲ. ಪರಿಚಯದ ಕಿರಾಣಿ ಅಂಗಡಿಯಿಂದ ಮುದ್ರೆ ಬಿದ್ದ 20 ಮತ್ತು 10 ಕಿಲೋ ಕಲ್ಲುಗಳನ್ನು ಎರವಲು ತಂದು, ಒಟ್ಟು 50 ಕಿಲೋವನ್ನು ಹಲಗೆಯ ಒಂದೊಂದು ಮೂಲೆಯಲ್ಲೂ ಇಟ್ಟು ನೋಡಿದೆ. ಮೂರು ಮೂಲೆಗಳು ಒಂದೇ ಮಾತು ಹೇಳಿದವು. ಬಲಗಡೆಯ ಹಿಂದಿನ ಮೂಲೆ 600 ಗ್ರಾಂ ಕಡಿಮೆ ತೋರಿಸಿತು. ಏನನ್ನೂ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ದೋಷ ಯಾವ ಮೂಲೆಯಲ್ಲಿದೆ ಎಂದು ತಿಳಿಯದೆ ಬಿಚ್ಚಿದರೆ ಮುಂದೆ ಎಲ್ಲವನ್ನೂ ಅನುಮಾನಿಸಬೇಕಾಗುತ್ತದೆ.

ಒಳಗಿನ ಲೆಕ್ಕ

ಹಲಗೆಯನ್ನು ಎತ್ತಿದರೆ ಕೆಳಗೆ ಎರಡು ಸನ್ನೆಕೋಲುಗಳು ಕಾಣುತ್ತವೆ, ಒಂದು ಉದ್ದ, ಒಂದು ಗಿಡ್ಡ. ಒಂದೊಂದಕ್ಕೂ ಉಕ್ಕಿನ ಎರಡು ಅಲಗುಗಳು, ಅಂದರೆ ಕೋಲು ತೂಗಾಡಲು ಆಸರೆಯಾಗುವ ಚೂಪು ಅಂಚಿನ ತುಂಡುಗಳು, ಕೆಳಮುಖವಾಗಿ ಚೌಕಟ್ಟಿನ ಮೇಲೆ ಕೂತಿರುತ್ತವೆ. ಇನ್ನೆರಡು ಮೇಲ್ಮುಖವಾಗಿ ಹಲಗೆಯ ಕಾಲುಗಳನ್ನು ಹೊರುತ್ತವೆ. ಗಿಡ್ಡ ಕೋಲು ತನ್ನ ಹೊರೆಯನ್ನು ಕೊಂಡಿಯ ಮೂಲಕ ಉದ್ದ ಕೋಲಿಗೆ ಕೊಡುತ್ತದೆ. ಉದ್ದ ಕೋಲಿನ ತುದಿಯಿಂದ ಒಂದು ಸರಳು ಕಂಬದೊಳಗೆ ಮೇಲೇರಿ ದಂಡವನ್ನು ಕೆಳಕ್ಕೆಳೆಯುತ್ತದೆ. ಉದ್ದ ಕೋಲಿನಲ್ಲಿ ಆಧಾರದ ಅಲಗಿನಿಂದ ಹೊರೆಯ ಅಲಗಿಗೆ 2 ಇಂಚು, ತುದಿಗೆ 28 ಇಂಚು. ಹಾಗಾಗಿ ಹೊರೆ ಇಲ್ಲಿ ಹದಿನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ದಂಡದಲ್ಲಿ ಮತ್ತೆ ಎಂಟನೇ ಒಂದು ಪಾಲಿಗೆ. ಹದಿನಾಲ್ಕು ಎಂಟಲೆ ನೂರಹನ್ನೆರಡು. ಹಲಗೆಯ ಮೇಲಿನ 112 ಪೌಂಡಿಗೆ ದಂಡದ ತುದಿಯಲ್ಲಿ ಬರೀ ಒಂದು ಪೌಂಡು ಸಾಕು.

ನಾಲ್ಕೂ ಮೂಲೆಗಳಿಗೆ ಈ ಅನುಪಾತ ಒಂದೇ ಆಗಿದ್ದರೆ ಅಂಡಿಗೆಯನ್ನು ಹಲಗೆಯ ಮೇಲೆ ಎಲ್ಲಿ ಹಾಕಿದರೂ ತೂಕ ಒಂದೇ. ಹಮಾಲರು ಬೆನ್ನ ಮೇಲಿನ ಹೊರೆಯನ್ನು ಅಳೆದು ನಡುವೆಯೇ ಇಳಿಸಲಾರರು. ಪ್ಲಾಟ್‌ಫಾರ್ಮ್ ತಕ್ಕಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ದುಡಿದ ಜಾನ್ ವಯಾಟ್ 18ನೇ ಶತಮಾನದ ನಡುಭಾಗದಲ್ಲೇ ಜೋಡಿ ಸನ್ನೆಕೋಲುಗಳಿಂದ ಗಾಡಿ ತೂಗುವ ಯಂತ್ರ ಕಟ್ಟಿದ್ದ. ಅಮೆರಿಕದ ವರ್ಮಾಂಟ್‌ನ ಸೇಂಟ್ ಜಾನ್ಸ್‌ಬರಿಯಲ್ಲಿ ಥ್ಯಾಡಿಯಸ್ ಫೇರ್‌ಬ್ಯಾಂಕ್ಸ್ ಸೆಣಬಿನ ಜಾತಿಯ ನಾರಿನ ವ್ಯಾಪಾರಕ್ಕಿಳಿದಾಗ, ತುಂಬಿದ ಗಾಡಿಯನ್ನು ಸರಪಳಿ ಕಟ್ಟಿ ಎತ್ತಿ ತೂಗುವ ಕಷ್ಟಕ್ಕೆ ಬೇಸತ್ತು ಪ್ಲಾಟ್‌ಫಾರ್ಮ್ ತಕ್ಕಡಿ ರೂಪಿಸಿದ. 1831ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಾರಿನ ಹೊರೆಗಾಗಿ ಹುಟ್ಟಿದ ಯಂತ್ರ ಹತ್ತಿಯ ಪೇಟೆಗಳಲ್ಲಿ ನೆಲೆಯೂರಿದ್ದು ಸಹಜವೇ. ಇನ್ನು ಏವರಿ ಕಂಪನಿ 1895ರಲ್ಲಿ ಸೊಹೊ ಫೌಂಡ್ರಿಯನ್ನು ಕೊಂಡುಕೊಂಡಿತು. ಜೇಮ್ಸ್ ವಾಟ್ ಮತ್ತು ಮ್ಯಾಥ್ಯೂ ಬೌಲ್ಟನ್ 1796ರಲ್ಲಿ ಉಗಿಯಂತ್ರಗಳಿಗಾಗಿ ಕಟ್ಟಿಸಿದ ಎರಕದ ಮನೆ ಅದು. ಉಗಿಯಂತ್ರ ಹೊಯ್ದ ಅಂಗಳದಿಂದಲೇ ತಕ್ಕಡಿಗಳು ಹೊರಬರತೊಡಗಿದವು.

ದಂಡದ ಮೇಲಿನ ಎರಡು ಕಾಲ

ದಂಡವನ್ನು ಸೀಮೆಎಣ್ಣೆ ಮತ್ತು ಮೆತ್ತನೆ ಬಟ್ಟೆಯಿಂದ ಮಾತ್ರ ಒರೆಸಿದೆ. ಬ್ರಾಸೋ, ಎಮರಿ, ಬಫಿಂಗ್ ಚಕ್ರ ಯಾವುದನ್ನೂ ಹತ್ತಿರ ಬಿಡಲಿಲ್ಲ, ಬಿಡಲೂಬಾರದು. ಉಜ್ಜಿ ಹೊಳಪು ಬರಿಸಿದರೆ ತೂಕ ತೋರಿಸುವ ಗೀಟುಗಳ ಅಂಚು ಸವೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ದಂಡದ ಚರಿತ್ರೆ ಅಳಿಸಿಹೋಗುತ್ತದೆ.

ಈ ದಂಡದಲ್ಲಿ ಆ ಚರಿತ್ರೆ ಕಣ್ಣಿಗೆ ಕಾಣುವಂತೆಯೇ ಇದೆ. ಈಗಿರುವ ಗೀಟುಗಳು ಕಿಲೋದವು: 0ಯಿಂದ 50ರವರೆಗೆ, 200 ಗ್ರಾಂಗೆ ಒಂದರಂತೆ. ಆದರೆ ಬೆಳಕನ್ನು ಓರೆಯಾಗಿ ಬಿಟ್ಟರೆ ಅವುಗಳ ಅಡಿಯಲ್ಲಿ ಅರದಿಂದ (ಫೈಲ್) ಉಜ್ಜಿದ ಹಳೆಯ ಗೀಟುಗಳ ನೆರಳು ಕಾಣುತ್ತದೆ, ಅವು ಪೌಂಡಿನವು. 50 ಕಿಲೋದ ಗೀಟು ಹಳೆಯ ಕೊನೆಯ ಗೀಟಿಗಿಂತ 6 ಮಿ.ಮೀ.ನಷ್ಟು ಹಿಂದೆ ಇದೆ. ಹಾಗೆಯೇ ಇರಬೇಕು: 112 ಪೌಂಡ್ ಎಂದರೆ 50.8 ಕಿಲೋ, ಗೀಟುಗಳ ಓಟ ಸುಮಾರು 400 ಮಿ.ಮೀ., ಆ 800 ಗ್ರಾಂನ ವ್ಯತ್ಯಾಸಕ್ಕೆ 6 ಮಿ.ಮೀ. ಬೀಳುತ್ತದೆ. ಈ ಲೆಕ್ಕ ಕೂಡಿಬಂದಾಗ ನನಗಾದ ಸಂತೋಷ ಸಣ್ಣದಲ್ಲ. ದಂಡದ ಮೇಲೆ ಜಾರುವ ಗುಂಡನ್ನು ಬದಲಿಸದೆ, ಸನ್ನೆಕೋಲುಗಳನ್ನು ಮುಟ್ಟದೆ, ಗೀಟುಗಳನ್ನಷ್ಟೇ ಹೊಸದಾಗಿ ಕೊರೆದು ಯಾರೋ ಬಲು ಜಾಣ ಕೈಯವರು ಇದನ್ನು ಕಿಲೋಗೆ ತಂದಿದ್ದಾರೆ.

ಅದು ಯಾವಾಗಿನ ಮಾತು ಎಂಬುದನ್ನು ಕಾನೂನೇ ಹೇಳುತ್ತದೆ. ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ. ಕೆಲವೇ ವರ್ಷಗಳಲ್ಲಿ ನಮ್ಮ ಹಿರಿಯರಿಗೆ ರಾಜ್ಯ, ನಾಣ್ಯ, ತೂಕ ಮೂರೂ ಬದಲಾದವು. ಮಣ, ಸೇರು, ತೊಲಗಳಲ್ಲಿ ಬೆಳೆ ಮಾರಿ ಬೆಳೆದ ರೈತ ಹೊಸ ಗೀಟು ಕೊರೆದ ಈ ದಂಡದ ಮುಂದೆ ನಿಂತು ತನ್ನ ಹತ್ತಿಯ ಲೆಕ್ಕವನ್ನು ಮತ್ತೆ ಮನಸ್ಸಿನಲ್ಲೇ ಮಣಕ್ಕೆ ತಿರುಗಿಸಿಕೊಳ್ಳುತ್ತಿದ್ದಿರಬೇಕು.

ದಂಡದ ಬುಡದಲ್ಲಿ ಸೀಸ ತುಂಬಿದ ಸಣ್ಣ ಗುಳಿಯಿದೆ. ಅದರ ಮೇಲೆ ಒಂದರ ಮೇಲೊಂದು ಬಿದ್ದ ಸರಕಾರಿ ಮುದ್ರೆಗಳು. ಮುಂಬಯಿ ಪ್ರಾಂತದಲ್ಲಿ 1932ರ ತೂಕ ಅಳತೆ ಕಾಯ್ದೆ ಇತ್ತು. ಈಗಿನದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಸೀಸ ಮೆತ್ತಗಿರುವುದರಿಂದ ಮುದ್ರೆ ಚೆನ್ನಾಗಿ ಮೂಡುತ್ತದೆ, ಯಾರಾದರೂ ಕೆದಕಿದರೆ ಕೂಡಲೇ ಗೊತ್ತಾಗುತ್ತದೆ. ಈ ಗುಳಿಯ ಮೇಲೆ ಕಾಗದದ ಟೇಪು ಅಂಟಿಸಿ ಇಡೀ ಕೆಲಸ ಮುಗಿಯುವವರೆಗೆ ಕಾಪಾಡಿದೆ.

ತುಕ್ಕಿಗೆ ಕಾಕಂಬಿ

ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ತುಕ್ಕು ಬಿಡಿಸಲು ಆಸಿಡ್ ಏಕೆ ಬೇಕು? ಸಕ್ಕರೆ ತೆಗೆದ ಮೇಲೆ ಉಳಿಯುವ, ದನದ ಮೇವಿಗೆ ಬೆರೆಸಲು ಮಾರುವ ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಒಂದು ಪಾಲಿನಂತೆ ಕಲಸಿ, ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಲಗೆ ಮತ್ತು ಬಿಚ್ಚಿದ ಚೌಕಟ್ಟಿನ ಭಾಗಗಳನ್ನು ಮುಳುಗಿಸಿದೆ. ಹತ್ತು ಹದಿನೈದು ದಿನ ಬೇಕು. ಹುಳಿ ವಾಸನೆ ಬರುತ್ತದೆ, ನೊಣ ಮುತ್ತುತ್ತವೆ, ಆದ್ದರಿಂದ ಮನೆಯಿಂದ ದೂರ ಇಟ್ಟು ಮುಚ್ಚಿರಬೇಕು. ಹೊರತೆಗೆದು ನೀರು ಬಿಟ್ಟು ಉಜ್ಜಿದರೆ ತುಕ್ಕು ಕಪ್ಪು ಕೆಸರಾಗಿ ಕಳಚಿಹೋಗಿ ಬೂದುಬಣ್ಣದ ಶುದ್ಧ ಬೀಡು ಕಾಣುತ್ತದೆ. ಒಣಗಿದ ಗಳಿಗೆಯಲ್ಲೇ ರೆಡ್ ಆಕ್ಸೈಡ್ ಬಳಿಯಬೇಕು. ತಡಮಾಡಿದರೆ ಮತ್ತೆ ತುಕ್ಕು ಹಿಡಿಯುತ್ತದೆ.

ಸನ್ನೆಕೋಲುಗಳನ್ನು ಮಾತ್ರ ಡ್ರಮ್ಮಿಗೆ ಹಾಕಲಿಲ್ಲ. ಅವುಗಳಲ್ಲಿ ಗಡಸು ಉಕ್ಕಿನ ಅಲಗುಗಳಿವೆ, ಅಲಗಿನ ಅಂಚನ್ನು ದ್ರಾವಣ ತಿಂದರೆ ತಕ್ಕಡಿ ಹೋದಂತೆಯೇ. ಆಸಿಡ್ ಅಂತೂ ಇನ್ನೂ ಕೆಟ್ಟದ್ದು: ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಬಿರುಕು ಬಿಡುವಷ್ಟು ಪೆಡಸಾಗುತ್ತದೆ. ಕೋಲುಗಳಿಗೆ ಸೀಮೆಎಣ್ಣೆ, ತಂತಿ ಬ್ರಷ್ಷು, ತಾಳ್ಮೆ.

ಅಲಗು

ಕೆಲಸದ ತಿರುಳು ಇದು. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಮಾಡಬಹುದು.

ಸನ್ನೆಕೋಲಿನ ಗಿಡ್ಡ ತೋಳು 2 ಇಂಚು, ಅಂದರೆ 50.8 ಮಿ.ಮೀ. ಹೊರೆಯ ಅಲಗು 0.1 ಮಿ.ಮೀ. ಆಚೀಚೆ ಸರಿದರೆ ತೂಕ ಸಾವಿರಕ್ಕೆ ಎರಡರಷ್ಟು ತಪ್ಪುತ್ತದೆ. 250 ಕಿಲೋಗೆ ಅದು ಹತ್ತಿರ ಹತ್ತಿರ ಅರ್ಧ ಕಿಲೋ. ಎರಡು ಕೂದಲಿನಷ್ಟು ಸರಿತಕ್ಕೆ ಅರ್ಧ ಕಿಲೋ ಹತ್ತಿ. ಆದ್ದರಿಂದ ಅಲಗು ಮೊಂಡಾಯಿತೆಂದು ಗ್ರೈಂಡರ್‌ಗೆ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಚು ಚೂಪಾಗಬಹುದು, ಆದರೆ ಅದು ಇರಬೇಕಾದ ಜಾಗ ಕಳೆದುಹೋಗುತ್ತದೆ, ಬಿಸಿಗೆ ಗಡಸುತನವೂ ಇಳಿಯುತ್ತದೆ.

ತಪ್ಪು ತೋರಿದ ಮೂಲೆಯ ಅಲಗನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದರ ಅಂಚು ಅರ್ಧದಷ್ಟು ಉದ್ದಕ್ಕೆ ಸಿಡಿದಿತ್ತು. ಹೊರೆ ಕೂರುತ್ತಿದ್ದುದು ಸಿಡಿದ ಭಾಗದ ಒಳಬದಿಯ ಮೇಲೆ. 50 ಕಿಲೋಗೆ 600 ಗ್ರಾಂ ಎಂದರೆ ನೂರಕ್ಕೆ 1.2, ಹಾಗಾದರೆ ಹೊರೆ ಆಧಾರದ ಕಡೆಗೆ 0.6 ಮಿ.ಮೀ. ಸರಿದಿರಬೇಕು. ವರ್ನಿಯರ್ ಕೂಡ ಅಷ್ಟನ್ನೇ ತೋರಿಸಿತು. ಉಳಿದ ಅಲಗುಗಳು ಬರೀ ಮಂಕಾಗಿದ್ದವು. ದಂಡ ಜಡವಾಗಿದ್ದುದಕ್ಕೆ ಕಾರಣ ಅಲಗಲ್ಲ, ಬೇರಿಂಗು: ಅಲಗು ಕೂರುವ ವಿ ಆಕಾರದ ಉಕ್ಕಿನ ತುಂಡುಗಳಲ್ಲಿ ಹತ್ತಿಯ ನವಿರು ಮತ್ತು ಗ್ರೀಸು ಸೇರಿ ಕಲ್ಲಿನಂತೆ ಗಟ್ಟಿಯಾಗಿದ್ದವು.

ತಕ್ಕಡಿ ರಿಪೇರಿಯಲ್ಲೇ ಕೂದಲು ಬೆಳ್ಳಗಾದ ಹಿರಿಯರೊಬ್ಬರು ಬಂದು ನೋಡಿದರು. ನಾನು ಗ್ರೀಸಿನ ಡಬ್ಬಿ ತೆಗೆದಿಟ್ಟದ್ದನ್ನು ಕಂಡು, "ತಮ್ಮಾ, ಅದನ್ನು ಒಳಗಿಡು. ಅಲಗಿಗೆ ಎಣ್ಣೆ ತೋರಿಸಬೇಡ. ಎಣ್ಣೆ ಇದ್ದಲ್ಲಿ ಧೂಳು ಕೂಡುತ್ತದೆ, ಧೂಳು ಕೂಡಿದಲ್ಲಿ ಅಲಗು ಸಾಯುತ್ತದೆ" ಎಂದರು. "ತುಕ್ಕು ಹಿಡಿದರೆ ಏನು ಮಾಡಲಿ, ಕಾಕಾ?" ಎಂದು ಕೇಳಿದೆ. "ದಿನಾ ತೂಗು. ತೂಗುವ ತಕ್ಕಡಿಗೆ ತುಕ್ಕು ಹತ್ತುವುದಿಲ್ಲ. ತೂಗದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಿಡು." ಸಿಡಿದ ಅಲಗನ್ನು ಹೊರತೆಗೆಯುವ ಬಗೆಯನ್ನೂ ಅವರೇ ತೋರಿಸಿದರು. ಅಲಗು ಕೂತ ತೂತು ಒಂದು ಕಡೆಗೆ ಕಿರಿದಾಗಿರುತ್ತದೆ. ಕಿರಿದಾದ ಕಡೆಯಿಂದ ತಾಮ್ರದ ಪಂಚ್ ಇಟ್ಟು ಹೊಡೆಯಬೇಕು. ಎದುರು ಕಡೆಯಿಂದ ಹೊಡೆದರೆ ಬೀಡು ಕಬ್ಬಿಣ ಒಡೆಯುತ್ತದೆ, ಬೀಡಿಗೆ ಮತ್ತೆ ಕೂಡುವ ಗುಣವಿಲ್ಲ.

ಹೊಸ ಅಲಗಿಗೆ ಬೆಳಗಾವಿಯ ಕೈಗಾರಿಕಾ ಬಡಾವಣೆ ಉದ್ಯಮಬಾಗಕ್ಕೆ ಹೋದೆ. ಎರಕ, ಲೇತ್, ಗ್ರೈಂಡಿಂಗ್, ಉಕ್ಕು ಹದ ಮಾಡುವ ಒಲೆ ಎಲ್ಲವೂ ಒಂದೇ ಬಡಾವಣೆಯಲ್ಲಿ ಸಿಗುವ ಊರು ಬೆಳಗಾವಿ. ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಓಎಚ್‌ಎನ್‌ಎಸ್ ಉಕ್ಕನ್ನು ಆರಿಸಿದೆ. ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಉಕ್ಕು ಇದು, ಅದ್ದಿದಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಹಳೆಯ ಅಲಗಿನ ಅಳತೆಗೆ, 60 ಡಿಗ್ರಿ ಕೋನಕ್ಕೆ ಗ್ರೈಂಡ್ ಮಾಡಿ, 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಗಿಳಿಸಿ, ಮತ್ತೆ 200 ಡಿಗ್ರಿಯಲ್ಲಿ ಹದಗೊಳಿಸಿದರು. ಅಂಚನ್ನು ಕ್ಷೌರದ ಕತ್ತಿಯಂತೆ ಬಿಡಬಾರದು. ನುಣುಪಾದ ಸಾಣೆಕಲ್ಲಿನಿಂದ ಒಮ್ಮೆ ಸವರಿ ತುದಿಯ ಹರಿತ ಮುರಿಯಬೇಕು. ಇಲ್ಲದಿದ್ದರೆ ಮೊದಲ ಹೊರೆಗೇ ಸಿಡಿಯುತ್ತದೆ.

ಕೂರಿಸಿದ ಮೇಲೆ ಆ ಮೂಲೆ ಈಗಲೂ ಕಡಿಮೆ ತೋರಿಸಿತು, ಆದರೆ ಬರೀ 100 ಗ್ರಾಂ. ಅದನ್ನು ತಿದ್ದುವ ಹಳೆಯ ವಿದ್ಯೆ ಸೊಗಸಾದದ್ದು. ಅಲಗಿನ ಎರಡು ಮುಖಗಳಲ್ಲಿ ಆಧಾರದ ಕಡೆಗಿರುವ ಮುಖವನ್ನಷ್ಟೇ ಎಣ್ಣೆಗಲ್ಲಿನಿಂದ ತೀಡಿದರೆ ಅಂಚು ಹೊರಕ್ಕೆ ಸರಿಯುತ್ತದೆ, ತೋಳು ಉದ್ದವಾಗುತ್ತದೆ, ತೂಕ ಏರುತ್ತದೆ. ಹೊರಮುಖವನ್ನು ತೀಡಿದರೆ ಇಳಿಯುತ್ತದೆ. ನಾಲ್ಕೈದು ಸಲ ಕಲ್ಲಾಡಿಸುವುದು, ಒರೆಸುವುದು, ಕೂರಿಸುವುದು, 50 ಕಿಲೋ ಇಟ್ಟು ನೋಡುವುದು. ಇದರಲ್ಲಿ ಆತುರಕ್ಕೆ ಎಡೆಯೇ ಇಲ್ಲ, ತೀಡಿದ್ದು ಮರಳಿ ಬರುವುದಿಲ್ಲ. ಕೊನೆಗೆ ನಾಲ್ಕೂ ಮೂಲೆಗಳು ಒಂದೇ ಗೀಟಿಗೆ ಬಂದವು. ಮಂಕಾಗಿದ್ದ ಉಳಿದ ಅಲಗುಗಳನ್ನು ಎರಡೂ ಬದಿ ಸಮವಾಗಿ, ಮಂಕು ಹೋಗುವಷ್ಟು ಮಾತ್ರ ಸವರಿದೆ.

ಕಳೆದುಹೋದ ಬಿಲ್ಲೆಗಳು

ಬಿಲ್ಲೆಯ ಮೇಲೆ 50 ಕಿಲೋ ಎಂದು ಬರೆದಿದ್ದರೂ ಅದರ ನಿಜ ತೂಕ 50ರ 112ನೇ ಒಂದು ಪಾಲು: 446.4 ಗ್ರಾಂ. 100 ಕಿಲೋದ್ದು 892.9 ಗ್ರಾಂ. 100ಕ್ಕೆ 1ರ ಅನುಪಾತದ ತಕ್ಕಡಿಗಳೂ ಇವೆ, ಅವುಗಳಿಗೆ 500 ಗ್ರಾಂ ಬಿಲ್ಲೆ ಸರಿ. ಅದನ್ನು ತಂದು ಇದಕ್ಕೆ ಹಾಕಿದರೆ 50 ಕಿಲೋ ಎನ್ನುವ ಜಾಗದಲ್ಲಿ 56 ಕಿಲೋ ಮಾಲು ಕೂತಿರುತ್ತದೆ. ಮಾರುವ ರೈತನಿಗೆ ಪ್ರತಿ ತೂಕಕ್ಕೂ 6 ಕಿಲೋ ನಷ್ಟ. ಆದ್ದರಿಂದ ಮೊದಲು ಅನುಪಾತವನ್ನೇ ಖಚಿತ ಮಾಡಿಕೊಳ್ಳಬೇಕು. ಹಲಗೆಯ ಮೇಲೆ 20 ಕಿಲೋ ಇಟ್ಟು, ತುದಿಯಲ್ಲಿ ಸಣ್ಣ ತೂಕಗಳನ್ನು ಒಂದೊಂದಾಗಿ ಏರಿಸುತ್ತಾ ಹೋದೆ. 178.6 ಗ್ರಾಂಗೆ ದಂಡ ಮಟ್ಟವಾಯಿತು. 112ರ ಲೆಕ್ಕ ಸರಿ.

ಉಳಿದಿದ್ದ 100 ಕಿಲೋ ಬಿಲ್ಲೆಯನ್ನು ಚಿನಿವಾರರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದಾಗ 889.1 ಗ್ರಾಂ ಬಂತು. ತಳದ ಗುಳಿಯಲ್ಲಿದ್ದ ಸೀಸ ಸ್ವಲ್ಪ ಉದುರಿತ್ತು. 3.8 ಗ್ರಾಂ ಕೊರತೆ ಹಲಗೆಯ ಮೇಲೆ 400 ಗ್ರಾಂಗಿಂತ ಹೆಚ್ಚಾಗುತ್ತದೆ. ಬಿಲ್ಲೆ ಹಗುರಾದರೆ ಲಾಭ ಮಾರುವವನಿಗೆ. ಬಿಲ್ಲೆಗೆ ಜಿಡ್ಡು, ಬಣ್ಣ ಅಂಟಿ ಭಾರವಾದರೆ ಲಾಭ ಕೊಳ್ಳುವವನಿಗೆ. ತಕ್ಕಡಿಯ ಬಿಲ್ಲೆಗೆ ಎಂದೂ ಬಣ್ಣ ಬಳಿಯಬಾರದು ಎನ್ನುವುದು ಇದಕ್ಕೇ.

ಹೊಸ ಬಿಲ್ಲೆಗಳನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯಿಸಿ ಲೇತ್‌ನಲ್ಲಿ ತಿರುಗಿಸಿದೆ: 75 ಮಿ.ಮೀ. ಅಗಲ, ಸುಮಾರು 15 ಮಿ.ಮೀ. ದಪ್ಪ, ದಂಡದ ತುದಿಯ ಕೊಂಡಿಗೆ ಸಿಕ್ಕಿಸಲು ಒಂದು ಸೀಳು. ಬೇಕೆಂದೇ ಕೆಲವು ಗ್ರಾಂ ಹಗುರಾಗಿ ಮಾಡಿಸಿ, ತಳದ ಗುಳಿಗೆ ಸೀಸ ಹಾಕುತ್ತಾ 446.4ಕ್ಕೆ ತಂದೆ. ಹಳೆಯ ಬಿಲ್ಲೆಗೂ ಸೀಸ ಹಾಕಿ ಅದರ ಕೊರತೆ ತುಂಬಿದೆ.

ಕೊನೆಯ ಪರೀಕ್ಷೆಗೆ 250 ಕಿಲೋ ಕಲ್ಲು ಯಾರ ಬಳಿಯೂ ಇರಲಿಲ್ಲ. ಅದಕ್ಕೊಂದು ದಾರಿಯಿದೆ. ರಸಮಟ್ಟ ಇಟ್ಟು ತಕ್ಕಡಿಯನ್ನು ನೇರಮಾಡಿ, ಮುದ್ರೆಯ ಕಲ್ಲುಗಳಿಂದ 100 ಕಿಲೋ ತೂಗಿ, ಕಲ್ಲು ತೆಗೆದು ಅದೇ ಗೀಟಿಗೆ ಬರುವಷ್ಟು ಮರಳಿನ ಚೀಲ ಇಡುವುದು. ಈಗ ಅದರ ಮೇಲೆ ಮತ್ತೆ ಅದೇ ಕಲ್ಲುಗಳು, 200. ಮತ್ತೊಮ್ಮೆ ಮರಳು, ಮತ್ತೆ 50. ತುಂಬು ಹೊರೆಯಲ್ಲಿ ವ್ಯತ್ಯಾಸ 200 ಗ್ರಾಂ ಒಳಗೆ, ಅಂದರೆ ಒಂದು ಗೀಟಿನೊಳಗೆ ನಿಂತಿತು. ಇಂಥ ಅಂಗಡಿ ತಕ್ಕಡಿಗಳು ಬೀಳುವ ನಿಖರತೆಯ ಮೂರನೇ ದರ್ಜೆಯಲ್ಲಿ, 500ರಿಂದ 2000 ವಿಭಾಗಗಳ (ಒಂದು ವಿಭಾಗ ಎಂದರೆ ಒಂದು ಗೀಟು) ಹೊರೆಗೆ ಮೊದಲ ಪರಿಶೀಲನೆಯಲ್ಲಿ ಒಂದು ವಿಭಾಗದಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ. ನಮ್ಮ 250 ಕಿಲೋ, 200 ಗ್ರಾಂಗೆ ಒಂದರಂತೆ, 1250ನೇ ವಿಭಾಗ. 400 ಗ್ರಾಂಗೂ ಜಗ್ಗದಿದ್ದ ದಂಡ ಈಗ 50 ಗ್ರಾಂಗೆ ಅಲುಗುತ್ತದೆ. ಹಾಗಿದ್ದರೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಹೊಸ ಮುದ್ರೆಯಿಲ್ಲದೆ ಇದರಲ್ಲಿ ವ್ಯಾಪಾರ ಮಾಡುವಂತಿಲ್ಲ, ನಾನು ಮಾಡುವುದೂ ಇಲ್ಲ.

ಇನ್ನೊಂದು ಕೆಲಸ ಬಾಕಿಯಿದೆ. ಹಳೆಯ ಪೌಂಡಿನ ಗೀಟುಗಳ ನೆರಳು ಇನ್ನೂ ಓದಲು ಬರುವುದರಿಂದ, ಒಂದೊಂದು ಪೌಂಡಿನ ನಾಲ್ಕು ಬಿಲ್ಲೆ ಮಾಡಿಸಿದರೆ ತಕ್ಕಡಿ ಮೊದಲಿನಂತೆ ಖಂಡಿಯನ್ನೂ ತೂಗುತ್ತದೆ: ನಾಲ್ಕು ಬಿಲ್ಲೆಗೆ 448 ಪೌಂಡ್, ಗುಂಡು ಹಳೆಯ ಕೊನೆಯ ಗೀಟಿಗೆ ಬಂದರೆ ಇನ್ನೊಂದು 112. ಪೌಂಡಿನ ಬಿಲ್ಲೆ 453.6 ಗ್ರಾಂ, ಕಿಲೋದ್ದು 446.4 ಗ್ರಾಂ. ಅಂತರ 7.2 ಗ್ರಾಂ ಮಾತ್ರ, ಕೈಗೆ ಗೊತ್ತಾಗುವುದಿಲ್ಲ, ಅದಲುಬದಲಾದರೆ ಹಲಗೆಯ ಮೇಲೆ 800 ಗ್ರಾಂ ತಪ್ಪುತ್ತದೆ. ಹಾಗಾಗಿ ಪೌಂಡಿನವನ್ನು ದುಂಡಗೆ ಮಾಡಿಸದೆ ಆರು ಮೂಲೆಯ ಅಚ್ಚಿನಲ್ಲಿ ಹೊಯ್ಯಿಸಲು ಹೇಳಿದ್ದೇನೆ. ಮರದ ಅಚ್ಚು ತಯಾರಾಗುತ್ತಿದೆ.